ವೀಕ್ಷಣಾಲಯದಲ್ಲಿ ಓದು ಬರಹ



ವೀಕ್ಷಣಾಲಯ ಅಂದರೆ ಏನು ಗೊತ್ತೇ? 18 ವರ್ಷ ತುಂಬದ ಹುಡುಗ ಕಳ್ಳತನ ಮಾಡಿದ ಅಂತ ದೂರು ಬಂತು ಅನ್ನಿ. ಅವನನ್ನು ಪೊಲೀಸ್ ಲಾಕಪ್ಪಿನಲ್ಲಿ ಇಡುವ ಹಾಗಿಲ್ಲ. ಜೈಲಿಗೂ ಹಾಕುವ ಹಾಗಿಲ್ಲ. 24 ಗಂಟೆಯೊಳಗೆ ಬಾಲ ನ್ಯಾಯ ಮಂಡಳಿಯ ಮುಂದೆ ತರಬೇಕು. ಜಾಮೀನು ಸಿಗದಿದ್ದರೆ, ವಿಚಾರಣೆ ನಡೆಯುವಾಗ ಅವನನ್ನು ಇಡುವ ಜಾಗವೇ ವೀಕ್ಷಣಾಲಯ. ಅಲ್ಲಿ ಊಟ, ಬಟ್ಟೆ, ಔಷಧದ ಜೊತೆ ಪಾಠವೂ ಸಿಗಬೇಕು. 2015ರ ಬಾಲ ನ್ಯಾಯ ಕಾಯ್ದೆ ಹೀಗೆ ಹೇಳುತ್ತದೆ.

ನಾನು ಶಾಲೆ ಟೀಚರ್. ಭಾನುವಾರ ಇಂಥ ಒಂದು ಕಡೆ ಓದು ಕಲಿಸಲು ಹೋಗುತ್ತಿದ್ದೆ. ಮೊದಲ ದಿನವೇ ತಪ್ಪು ಮಾಡಿದೆ. 16 ವರ್ಷದ ಹುಡುಗನ ಕೈಗೆ ಒಂದನೇ ತರಗತಿ ಪುಸ್ತಕ ಕೊಟ್ಟೆ.

"ಇದು ಚಿಕ್ಕ ಮಕ್ಕಳದ್ದು, ಟೀಚರ್" ಅಂತ ದೂಡಿಬಿಟ್ಟ.

ಅವನಿಗೆ ನಾಚಿಕೆ. ಬೆಳೆದ ಮೇಲೆ ಸ್ಲೇಟು ಹಿಡಿಯುವ ಸಂಕಟ ನಿಮಗೆ ಗೊತ್ತಲ್ಲ!

ಮುಂದಿನ ವಾರ ಆ ಪುಸ್ತಕ ಬಿಟ್ಟೆ. "ಯಾವ ಮಾತು ಬರೆಯೋಣ, ನೀನೇ ಹೇಳು" ಅಂದೆ. "ಊಟ" ಅಂದ. ಬರೆದೆವು. ಊ ಹಿಡಿದು ಊರು ಬರೆದೆವು. ಟ ಹಿಡಿದು ಆಟ, ಪಟ ಬರೆದೆವು. ಗೊತ್ತಿರುವ ಮಾತಿನಿಂದ ಅಕ್ಷರಕ್ಕೆ ಹೋಗಬೇಕು. ಆಗ ಕಲಿಕೆ ಸುಲಭ.

ಈ ಮಕ್ಕಳು ಇವತ್ತು ಇದ್ದು ನಾಳೆ ಹೋಗಬಹುದು. ಅದಕ್ಕೆ ಆ ದಿನದ ಪಾಠ ಆ ದಿನವೇ ಮುಗಿಯಬೇಕು. ಒಂದು ಮಾತನ್ನಾದರೂ ಓದಿ ಏಳಬೇಕು. "ಏನು ತಪ್ಪು ಮಾಡಿದೆ?" ಅಂತ ನಾವು ಕೇಳಬಾರದು. ಅದು ಮಂಡಳಿಯ ಕೆಲಸ.

ಒಂದು ದಿನ ಅವನೇ ಹೇಳಿದ: "ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದೆ, ಟೀಚರ್. ಅದರಲ್ಲಿ ಏನಿತ್ತೋ ಗೊತ್ತಿಲ್ಲ."

ನೋಡಿ, ಓದು ಯಾಕೆ ಬೇಕು ಅಂತ! ಓದು ಬಂದರೆ "ಇದರಲ್ಲಿ ಏನಿದೆ?" ಅಂತ ಕೇಳುವ ಧೈರ್ಯ ಬರುತ್ತದೆ. ಇಂಥ ಮಕ್ಕಳಿಗೆ ಸರ್ಕಾರದಿಂದ ಉಚಿತ ವಕೀಲರೂ ಸಿಗುತ್ತಾರೆ. ಮನೆಯವರು ಕೇಳಿ ಪಡೆಯಬೇಕು.

ಅವನ ಅವ್ವನೂ ಊರಿನಲ್ಲಿ ಅಕ್ಷರ ಕಲಿಯುತ್ತಿದ್ದರು. ಒಮ್ಮೆ ಅವರ ಕಾರ್ಡು ಬಂತು. ವಂಕಿ ವಂಕಿ ಅಕ್ಷರ, ಎರಡೇ ಸಾಲು: "ಊಟ ಮಾಡು. ಬೇಗ ಬಾ."

ಹುಡುಗ ಬೆರಳಿಟ್ಟು ಓದಿದ. ಮತ್ತೆ ಓದಿದ. ನನ್ನ ಕೈಗೆ ಕೊಡಲೇ ಇಲ್ಲ.

ನಿಮ್ಮ ಊರಿಗೂ ಇಂಥ ಹುಡುಗ ಮರಳಿ ಬರಬಹುದು. "ಕಳ್ಳ" ಅಂತ ಕರೆಯಬೇಡಿ. ಪಕ್ಕದಲ್ಲಿ ಕೂರಿಸಿಕೊಳ್ಳಿ. ಈ ಪುಸ್ತಕವನ್ನು ಇಬ್ಬರೂ ಸೇರಿ ಓದಿ.