ವಿದ್ಯಾರ್ಥಿಗಳ ಕೈಯಲ್ಲಿ ರಿಯಾಕ್ಟರ್

ವಿಯೆನ್ನಾದ ಪ್ರಾಟರ್ ಉದ್ಯಾನದ ಬಳಿ, ಊರೊಳಗೇ, ಒಂದು ಪರಮಾಣು ರಿಯಾಕ್ಟರ್ ಇದೆ. ಹೆಸರು ಟ್ರಿಗಾ. 1962ರ ಮಾರ್ಚ್‌ನಲ್ಲಿ ಮೊದಲ ಬಾರಿ ಚಾಲೂ ಆದ ಇದು ಒಂದು ಯೂನಿಟ್ ವಿದ್ಯುತ್ತನ್ನೂ ಕೊಡುವುದಿಲ್ಲ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯದ ಪಾಠ ಮತ್ತು ಸಂಶೋಧನೆಗೆಂದೇ ಇರುವಂಥದ್ದು. ತಮಾಷೆ ನೋಡಿ: ಇದೇ ಆಸ್ಟ್ರಿಯಾದ ಜನ 1978ರಲ್ಲಿ ಮತ ಹಾಕಿ, ಕಟ್ಟಿ ಮುಗಿದಿದ್ದ ಅಣುವಿದ್ಯುತ್ ಸ್ಥಾವರವನ್ನು ಬೇಡವೆಂದರು. ಆದರೂ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ತಪಾಸಣಾಧಿಕಾರಿಗಳು ತರಬೇತಿಗೆ ಬರುವುದು ಇಲ್ಲಿಗೇ. ಆ ಸಂಸ್ಥೆಯ ಕಚೇರಿಯೂ ಅದೇ ಊರಿನಲ್ಲಿದೆ.

ಇಲ್ಲಿ ವಿದ್ಯಾರ್ಥಿ ನಿಯಂತ್ರಣ ಫಲಕದ ಮುಂದೆ ಕೂರುತ್ತಾನೆ. ನಿಯಂತ್ರಣ ಸರಳುಗಳನ್ನು ಸ್ವಲ್ಪಸ್ವಲ್ಪವಾಗಿ ಮೇಲೆತ್ತಿ, ಸರಪಳಿ ಕ್ರಿಯೆ ತನ್ನ ಕಾಲ ಮೇಲೆ ತಾನು ನಿಲ್ಲುವ ಬಿಂದುವನ್ನು ಹುಡುಕುತ್ತಾನೆ. ಆಮೇಲೆ ಎಲ್ಲರೂ ಕಾಯುವ ಪ್ರಯೋಗ. ಒಂದು ಸರಳನ್ನು ಗಾಳಿಯ ಒತ್ತಡದಿಂದ ಥಟ್ಟನೆ ಹೊರಕ್ಕೆಳೆಯುತ್ತಾರೆ. ಎಂದಿನ ಸಾಮರ್ಥ್ಯ 250 ಕಿಲೋವ್ಯಾಟ್ ಇರುವ ರಿಯಾಕ್ಟರ್ ಕಣ್ಣು ಮಿಟುಕಿಸುವುದರೊಳಗೆ 250 ಮೆಗಾವ್ಯಾಟ್‌ಗೆ, ಅಂದರೆ ಅದರ ಸಾವಿರ ಪಟ್ಟಿಗೆ, ಜಿಗಿಯುತ್ತದೆ. ರಿಯಾಕ್ಟರಿನ ಕೊಳದ ತಳದಲ್ಲಿ ನೀಲಿ ಬೆಳಕು ಫಕ್ಕನೆ ಹೊತ್ತಿ ಆರುತ್ತದೆ. ಆರಿಸಿದವರು ಯಾರೂ ಅಲ್ಲ. ಇಂಧನದಲ್ಲಿ ಯುರೇನಿಯಂ ಜೊತೆ ಬೆರೆತಿರುವ ಜಿರ್ಕೋನಿಯಂ ಹೈಡ್ರೈಡ್ ಬಿಸಿಯಾದೊಡನೆ ನ್ಯೂಟ್ರಾನ್‌ಗಳ ವೇಗ ತಗ್ಗಿಸುವ ತನ್ನ ಕೆಲಸದಲ್ಲಿ ಹಿಂದೆ ಬೀಳುತ್ತದೆ. ವಿದಳನ ತಾನಾಗಿ ಕುಸಿಯುತ್ತದೆ. ಸುರಕ್ಷತೆಯನ್ನು ಅಲಾರಂಗೂ ಆಪರೇಟರನ ಎಚ್ಚರಕ್ಕೂ ಮಾತ್ರ ಬಿಡದೆ ಇಂಧನದ ಗುಣದಲ್ಲೇ ಹುದುಗಿಸಬಹುದು ಎಂಬುದನ್ನು ಹತ್ತು ಉಪನ್ಯಾಸ ಕೇಳಿದರೂ ಇಷ್ಟು ಚೆನ್ನಾಗಿ ಕಲಿಯಲಾಗದು.

ಸುರಕ್ಷತೆಯ ಜೊತೆಗೆ ಕಲಿಯಬೇಕಾದ ಸೇಫ್‌ಗಾರ್ಡ್ಸ್ ಎಂಬುದು ಬೇರೆಯೇ ಕೆಲಸ. ಅಣುವಸ್ತು ಬಾಂಬಿನ ದಾರಿ ಹಿಡಿದಿಲ್ಲವೆಂದು ಲೆಕ್ಕ ಹಾಕಿ ಖಾತ್ರಿಪಡಿಸುವುದು. ಗೋದಾಮಿನ ದಾಸ್ತಾನನ್ನು ಪುಸ್ತಕದೊಂದಿಗೆ ತಾಳೆ ನೋಡಿದಂತೆ. ಆದರೆ ಇಲ್ಲಿ 8 ಕಿಲೋ ಪ್ಲುಟೋನಿಯಂ ಕಾಣೆಯಾದರೆ ಒಂದು ಬಾಂಬಿಗೆ ಸಾಕಾಗಬಹುದು ಎಂಬುದೇ ತಪಾಸಕರ ಅಳತೆಗೋಲು. ಯುರೇನಿಯಂ-235 ಸೂಸುವ 186 ಕಿಲೋ ಎಲೆಕ್ಟ್ರಾನ್‌ವೋಲ್ಟ್ ಗಾಮಾ ಕಿರಣವನ್ನು ಎಣಿಸಿ ಅದರ ಸಂವರ್ಧನೆಯ ಮಟ್ಟ ಹೇಳುವುದನ್ನು ವಿದ್ಯಾರ್ಥಿ ಕಲಿಯಬೇಕು. ಡಬ್ಬದ ಗೋಡೆ ದಪ್ಪವಿದ್ದರೆ ಎಣಿಕೆ ತಗ್ಗುತ್ತದೆ. ಈ ತಿದ್ದುಪಡಿಯನ್ನು ಮರೆತು ತಪ್ಪು ಉತ್ತರ ಕೊಟ್ಟವನಿಗೇ ಅದು ಮನಸ್ಸಿನಲ್ಲಿ ಉಳಿಯುವುದು.

ಮೂರನೆಯದು ಭದ್ರತೆ, ಅಂದರೆ ಕಳವು, ವಿಧ್ವಂಸ ತಡೆಯುವುದು. ವಿಯೆನ್ನಾಕ್ಕೆ ಸಮೀಪದ ಸೈಬರ್ಸ್‌ಡಾರ್ಫ್‌ನಲ್ಲಿ 2023ರಲ್ಲಿ ಇದಕ್ಕೆಂದೇ ಒಂದು ತರಬೇತಿ ಕೇಂದ್ರ ಶುರುವಾಯಿತು. ಬೇಲಿ, ಕ್ಯಾಮೆರಾ ಕಲಿಸುವುದು ಸುಲಭ. ಇಕ್ಕಟ್ಟು ಬೇರೆ ಕಡೆ ಇದೆ. ಅಪಘಾತವಾದರೆ ಓಡಿಹೋಗಲು ಬಾಗಿಲು ತಟ್ಟನೆ ತೆರೆಯಬೇಕು ಎನ್ನುತ್ತದೆ ಸುರಕ್ಷತೆ. ಅದೇ ಬಾಗಿಲು ಭದ್ರವಾಗಿ ಮುಚ್ಚಿರಬೇಕು ಎನ್ನುತ್ತದೆ ಭದ್ರತೆ. ಎರಡೂ ಕಡೆಯವರನ್ನು ಒಂದೇ ಮೇಜಿಗೆ ಕೂರಿಸದೆ ಇದು ಬಗೆಹರಿಯದು.

ಸುರಕ್ಷತೆ, ಭದ್ರತೆಗಳ ನಂಟು ನಮ್ಮ ಕೈಗಾ ಅಣುವಿದ್ಯುತ್ ಸ್ಥಾವರದಲ್ಲೇ ಕಂಡಿತು. 2009ರ ನವೆಂಬರ್‌ನಲ್ಲಿ ಯಾರೋ ಒಳಗಿನವರು ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇರುವ ಭಾರಜಲ ಬೆರೆಸಿದ್ದಾರೆಂದು ಅಧಿಕಾರಿಗಳು ಹೇಳಿದರು. ಐವತ್ತಕ್ಕೂ ಹೆಚ್ಚು ನೌಕರರ ದೇಹಕ್ಕೆ ಟ್ರಿಟಿಯಂ ಸೇರಿತ್ತು. ಹೊರಗಿನ ಬೇಲಿ, ಬಂದೂಕಿನ ಕಾವಲು ಯಾವುದೂ ಇದನ್ನು ಹಿಡಿಯಲಿಲ್ಲ. ಹಿಡಿದದ್ದು ನೌಕರರ ಮಾಮೂಲಿ ಮೂತ್ರಪರೀಕ್ಷೆ. ಭದ್ರತೆಯ ಲೋಪವನ್ನು ಸುರಕ್ಷತೆಯ ಕೆಲಸವೊಂದು ಪತ್ತೆಹಚ್ಚಿತು. ಸುರಕ್ಷತೆ, ಸೇಫ್‌ಗಾರ್ಡ್ಸ್, ಭದ್ರತೆ ಮೂರನ್ನೂ ಒಟ್ಟಿಗೆ ಕಲಿಸಬೇಕು ಎನ್ನಲು ಇದಕ್ಕಿಂತ ಹತ್ತಿರದ ಸಾಕ್ಷಿ ನನಗೆ ಗೊತ್ತಿಲ್ಲ.

ನಮ್ಮಲ್ಲಿ ಅಣುಶಕ್ತಿ ಕ್ಷೇತ್ರದ ಕೆಲಸಕ್ಕೆ ಆಯ್ಕೆಯಾದವರಿಗೆ ಮುಂಬಯಿಯ ಟ್ರಾಂಬೆಯಲ್ಲಿ 1957ರಿಂದಲೂ ತರಬೇತಿ ಶಾಲೆಯಿದೆ. ಆದರೆ ನಮ್ಮ ಯಾವ ವಿಶ್ವವಿದ್ಯಾಲಯದ ಆವರಣದಲ್ಲೂ ಪಾಠಕ್ಕೆಂದು ರಿಯಾಕ್ಟರ್ ಇಲ್ಲ. ಪ್ರಾಗ್‌ನ ಚೆಕ್ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ 1990ರಿಂದ ಇರುವ ವಿಆರ್-1ರಂಥ ತೀರ ಕಡಿಮೆ ಸಾಮರ್ಥ್ಯದ್ದಾದರೂ ಸರಿ, ಒಂದನ್ನು ನಮ್ಮ ವಿದ್ಯಾರ್ಥಿಗಳ ಕೈಗೂ ಕೊಡಬೇಕು.