ಜಾಗ ಒಬ್ಬರದು, ಊರು ಎಲ್ಲರದು

ಚನ್ನರಾಯಪಟ್ಟಣದ ಬಡಾವಣೆಯೊಂದರಲ್ಲಿ ನಿಮ್ಮ ಮನೆಯಿದೆ ಎಂದಿಟ್ಟುಕೊಳ್ಳಿ. ಪಕ್ಕದ ಖಾಲಿ ಜಾಗದಲ್ಲಿ ತೆಂಗಿನ ನಾರಿನ ಕಾರ್ಖಾನೆ ಬರುವ ಸುದ್ದಿ. ಓದುವ ಹೊತ್ತಿಗೆ ಯಂತ್ರದ ಸದ್ದು, ಬಾಗಿಲಲ್ಲಿ ಲಾರಿ. "ಜಾಗ ಅವರದು, ನಾವು ಕೇಳುವುದೇನು?" ಎಂದು ಮನೆಯವರು ಸುಮ್ಮನಾಗಬಹುದು. ಕಾನೂನು ಹಾಗೆನ್ನುವುದಿಲ್ಲ.

ಪಟ್ಟಣದ ಬೆಳವಣಿಗೆಗೆ ಮಹಾ ಯೋಜನೆಯೆಂಬ ನಕ್ಷೆಯಿರುತ್ತದೆ. ಅದರಲ್ಲಿ ಸಾಮಾನ್ಯವಾಗಿ ವಾಸಕ್ಕೆ ಹಳದಿ, ವಾಣಿಜ್ಯಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು ಬಣ್ಣ. ರಸ್ತೆಯ ಅಗಲ, ನೀರು, ಚರಂಡಿ ಎಲ್ಲವನ್ನೂ ಈ ಹಂಚಿಕೆಗೆ ತಕ್ಕಂತೆ ಲೆಕ್ಕ ಹಾಕುತ್ತಾರೆ. ಒಂದು ಕಡೆ ಬಣ್ಣ ಬದಲಾದರೆ ಲೆಕ್ಕವೂ ತಪ್ಪುತ್ತದೆ.

ಹಾಗೆಂದು ನಕ್ಷೆ ಶಿಲಾಶಾಸನವಲ್ಲ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಕಲಮಿನಡಿ ಭೂ ಉಪಯೋಗ ಬದಲಾವಣೆ ಕೋರಬಹುದು. ಅರ್ಜಿ ಹೋಗಬೇಕಾದದ್ದು ಯೋಜನಾ ಪ್ರಾಧಿಕಾರಕ್ಕೆ. ಹಾಸನದಲ್ಲಿ ನಗರಾಭಿವೃದ್ಧಿ ಪ್ರಾಧಿಕಾರವಿದೆ. ಹೊಳೆನರಸೀಪುರ, ಅರಕಲಗೂಡಿನವರು ಮೊದಲು ತಮ್ಮ ಜಾಗ ಯಾವ ಯೋಜನಾ ಪ್ರದೇಶಕ್ಕೆ ಸೇರಿದೆಯೆಂದು ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ ವಿಚಾರಿಸಬೇಕು. ಅರ್ಜಿಯೊಂದಿಗೆ ಹಕ್ಕುಪತ್ರ, ಜಾಗದ ನಕ್ಷೆ, ಬದಲಾವಣೆಯ ಕಾರಣ ಇರಬೇಕು.

ಕಾಯ್ದೆಯ ಷರತ್ತುಗಳು ಮುಖ್ಯ. ಬದಲಾವಣೆ ಸಾರ್ವಜನಿಕ ಹಿತಕ್ಕೆ ಪೂರಕವಾಗಿರಬೇಕು. ಬೇರೆ ಕಾನೂನಿಗೆ ವಿರುದ್ಧವಾಗಬಾರದು. ದಿನಪತ್ರಿಕೆಯಲ್ಲಿ ಪ್ರಕಟಿಸಿ ಜನರಿಂದ ಆಕ್ಷೇಪಣೆ ಕರೆಯಬೇಕು.

ಇಲ್ಲೊಂದು ಗೊಂದಲ ಬೇಡ. ಹೊಲವನ್ನು ಬೇಸಾಯೇತರ ಕೆಲಸಕ್ಕೆ ಬಳಸುವ ಭೂ ಪರಿವರ್ತನೆ ಬೇರೆ. ಅದು 1964ರ ಭೂ ಕಂದಾಯ ಕಾಯ್ದೆಯ 95ನೇ ಕಲಮಿಗೆ, ಜಿಲ್ಲಾಧಿಕಾರಿಯವರ ವ್ಯಾಪ್ತಿಗೆ ಸೇರಿದ್ದು. ಕೆಲವೊಮ್ಮೆ ಎರಡೂ ಬೇಕಾಗುತ್ತವೆ.

ಜನರ ಆಕ್ಷೇಪಣೆಗೆ ಬೆಲೆಯಿದೆಯೇ? ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟ ಜಾಗವನ್ನು ಖಾಸಗಿ ನರ್ಸಿಂಗ್ ಹೋಮಿಗೆ ಕೊಡಲಾಗಿತ್ತು. ನಿವಾಸಿಗಳು ನ್ಯಾಯಾಲಯಕ್ಕೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಅವರ ಪರವಾಗಿ ತೀರ್ಪಿತ್ತಿತು. ಆಸ್ಪತ್ರೆ ಒಳ್ಳೆಯದೇ, ಆದರೆ ಉದ್ಯಾನವನ್ನು ನುಂಗಿ ಬರುವಂತಿಲ್ಲ.

ನೆನಪಿಡಿ, ಅರ್ಜಿದಾರರೆಲ್ಲ ತಪ್ಪಿತಸ್ಥರಲ್ಲ. ಬದಲಾವಣೆಯಿಂದ ನಾಲ್ಕು ಜನಕ್ಕೆ ಕೆಲಸವೂ ಸಿಗಬಹುದು. ಅದಕ್ಕಾಗಿಯೇ ಎರಡೂ ಕಡೆಯ ಮಾತು ಕೇಳುವ ಏರ್ಪಾಡು. ನಾಳೆ ಪತ್ರಿಕೆಯಲ್ಲಿ ಕ್ರೀಡಾಪುಟ ತಿರುವುವ ಮೊದಲು ಸಣ್ಣ ಅಕ್ಷರದ ಸಾರ್ವಜನಿಕ ಪ್ರಕಟಣೆಗಳನ್ನೂ ಒಮ್ಮೆ ನೋಡಿ. ನಿಮ್ಮ ಬೀದಿಯ ಹೆಸರಿದ್ದರೆ ಮನೆಯಲ್ಲಿ ಓದಿ ಹೇಳಿ. ಗಡುವು ಮುಗಿದ ಮೇಲೆ ಗೊಣಗಿ ಪ್ರಯೋಜನವಿಲ್ಲ.