ಬೋರ್ಡೋ ದ್ರಾವಣ: ಕಣಗಳ ಕರಗುವಿಕೆ ಮತ್ತು ತಳಸೇರುವಿಕೆ

ಬೋರ್ಡೋ ದ್ರಾವಣವು ಮೈಲುತುತ್ತು, ಸುಣ್ಣ ಮತ್ತು ನೀರಿನಿಂದ ತಯಾರಿಸುವ ಶಿಲೀಂಧ್ರನಾಶಕ. ಮಳೆಗಾಲದಲ್ಲಿ ಎಳೆಯ ಅಡಿಕೆಯನ್ನು ಕೊಳೆಯಿಸಿ ಉದುರಿಸುವ ಕೊಳೆರೋಗದ ತಡೆಗೆ ದಕ್ಷಿಣ ಕನ್ನಡ ಜಿಲ್ಲೆಯ ಪುತ್ತೂರು, ಸುಳ್ಯ ಮತ್ತು ಕಡಬ ತಾಲ್ಲೂಕುಗಳಲ್ಲಿ ಇದನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ರೂಢಿಯಲ್ಲಿ 'ದ್ರಾವಣ' ಎನಿಸಿಕೊಂಡರೂ ಇದು ಪೂರ್ಣವಾಗಿ ಕರಗಿದ ದ್ರವವಲ್ಲ; ಸೂಕ್ಷ್ಮ ಘನಕಣಗಳು ನೀರಿನಲ್ಲಿ ಹರಡಿಕೊಂಡಿರುವ ನಿಲಂಬನ. ಮೈಲುತುತ್ತು ಪೂರ್ಣವಾಗಿ ಕರಗುವುದು ಮತ್ತು ಆ ಬಳಿಕ ಉಂಟಾಗುವ ಕಣಗಳು ಬೇಗನೆ ತಳಸೇರದಿರುವುದು ಇದರ ಗುಣಮಟ್ಟಕ್ಕೆ ಅಗತ್ಯ.

ಹಿನ್ನೆಲೆ

ಫ್ರಾನ್ಸಿನ ಸಸ್ಯವಿಜ್ಞಾನಿ ಮಿಲಾರ್ಡೆ 1885ರಲ್ಲಿ ದ್ರಾಕ್ಷಿ ಬಳ್ಳಿಯ ರೋಗಕ್ಕೆ ಈ ಮಿಶ್ರಣವನ್ನು ಪ್ರಕಟಪಡಿಸಿದರು. ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಅಡಿಕೆಯ ಕೊಳೆರೋಗದ ಕುರಿತ ಅಧ್ಯಯನವನ್ನು ಪ್ರಕಟಿಸಿ, ಇದರ ಬಳಕೆಗೆ ದಾರಿಮಾಡಿಕೊಟ್ಟರು.

ಕರಗುವಿಕೆ

ಶೇಕಡಾ 1ರ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, 1 ಕಿಲೋಗ್ರಾಂ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಪ್ರತ್ಯೇಕವಾಗಿ ಕಲಸಿ, ಬಳಿಕ ಬೆರೆಸಲಾಗುತ್ತದೆ. ಮೈಲುತುತ್ತಿನ ಹರಳುಗಳನ್ನು ನೀರಿಗೆ ಸುರಿದರೆ ಅವು ತಳಕ್ಕಿಳಿಯುತ್ತವೆ. ಅವುಗಳ ಸುತ್ತ ಉಂಟಾಗುವ ಗಾಢ ದ್ರಾವಣವು ನೀರಿಗಿಂತ ಭಾರವಾದುದರಿಂದ ತಳದಲ್ಲೇ ನಿಂತು, ಹೊಸ ನೀರು ಹರಳನ್ನು ಮುಟ್ಟದಂತೆ ಮಾಡುತ್ತದೆ. ಹರಳುಗಳನ್ನು ಬಟ್ಟೆಯಲ್ಲಿ ಕಟ್ಟಿ ನೀರಿನ ಮೇಲ್ಭಾಗದಲ್ಲಿ ಮುಳುಗುವಂತೆ ತೂಗುಹಾಕಿದರೆ ಗಾಢ ದ್ರಾವಣ ತಾನಾಗಿ ಕೆಳಗಿಳಿಯುತ್ತದೆ. ಅದರ ಸ್ಥಾನಕ್ಕೆ ತಿಳಿನೀರು ಬಂದು ಕರಗುವಿಕೆ ಮುಂದುವರಿಯುತ್ತದೆ. ಸುಣ್ಣವಾದರೋ ಅತ್ಯಲ್ಪ ಪ್ರಮಾಣದಲ್ಲಿ ಮಾತ್ರ ಕರಗುವುದರಿಂದ ಅದನ್ನು ಹಾಲಿನಂತೆ ಕಲಸಿ ಸೋಸಬೇಕಾಗುತ್ತದೆ.

ತಳಸೇರುವಿಕೆ

ಎರಡೂ ಬೆರೆತಾಗ ನೀರಿನಲ್ಲಿ ಕರಗದ ತಾಮ್ರದ ಸಂಯುಕ್ತಗಳು ತಿಳಿನೀಲಿ ಕಣಗಳಾಗಿ ಬೇರ್ಪಡುತ್ತವೆ. 1851ರಲ್ಲಿ ಜಾರ್ಜ್ ಸ್ಟೋಕ್ಸ್ ನಿರೂಪಿಸಿದ ನಿಯಮದಂತೆ, ನಿಶ್ಚಲ ದ್ರವದಲ್ಲಿ ಸಣ್ಣ ಗೋಲಕಣವು ಬೀಳುವ ವೇಗ ಅದರ ವ್ಯಾಸದ ವರ್ಗಕ್ಕೆ ಅನುಪಾತದಲ್ಲಿರುತ್ತದೆ. ವ್ಯಾಸವು ಹತ್ತನೆಯ ಒಂದು ಪಾಲಾದರೆ ವೇಗವು ನೂರನೆಯ ಒಂದು ಪಾಲಾಗುತ್ತದೆ. ಹೊಸ ಮಿಶ್ರಣದ ಕಣಗಳು ಅತಿ ಸೂಕ್ಷ್ಮವಾದುದರಿಂದ ನಿಧಾನವಾಗಿ ಇಳಿಯುತ್ತವೆ. ಹೊತ್ತು ಕಳೆದಂತೆ ಅವು ಒಂದಕ್ಕೊಂದು ಅಂಟಿ ದೊಡ್ಡದಾಗಿ ಬೇಗನೆ ತಳಸೇರುತ್ತವೆ. ಆಗ ಮೇಲಿನ ದ್ರವದಲ್ಲಿ ತಾಮ್ರ ಕಡಿಮೆಯಾಗಿ ಸಿಂಪಡಣೆ ಏಕರೂಪವಾಗುವುದಿಲ್ಲ. ಆದ್ದರಿಂದ ಮಿಶ್ರಣವನ್ನು ತಯಾರಿಸಿದ ದಿನವೇ, ಆಗಾಗ ಕಲಕುತ್ತ ಬಳಸುವುದು ಅವಶ್ಯಕ.

ತೋಟದಲ್ಲಿ ಪರಿಣಾಮ

ಕಾಯಿಯ ಮೇಲೆ ಒಣಗಿದ ಕಣಗಳ ಲೇಪವು ಮಳೆನೀರಿನಲ್ಲಿ ಒಮ್ಮೆಲೇ ತೊಳೆದುಹೋಗದೆ ಅಲ್ಪಸ್ವಲ್ಪವಾಗಿ ಕರಗುತ್ತ ತಾಮ್ರವನ್ನು ಬಿಡುಗಡೆ ಮಾಡುತ್ತದೆ. ರೋಗಾಣುವಿನ ಬೀಜಕಗಳು ಮೊಳೆಯುವುದನ್ನು ಅದು ತಡೆಯುತ್ತದೆ. ಸುಣ್ಣ ಕಡಿಮೆಯಾದರೆ ಕರಗಿದ ತಾಮ್ರ ಉಳಿದು ಎಳೆಯ ಕಾಯಿಗೆ ಹಾನಿಯಾಗಬಹುದು. ಹೊಳಪಿನ ಕಬ್ಬಿಣದ ಚೂರಿಯನ್ನು ಮಿಶ್ರಣದಲ್ಲಿ ಅದ್ದಿದಾಗ ಕೆಂಪು ಲೇಪ ಕಂಡರೆ ಇನ್ನಷ್ಟು ಸುಣ್ಣ ಬೇಕೆಂದರ್ಥ. ಮೊದಲ ಸಿಂಪಡಣೆಯನ್ನು ಮುಂಗಾರಿನ ಆರಂಭದ ಹೊತ್ತಿಗೆ, ಎರಡನೆಯದನ್ನು 40–45 ದಿನಗಳ ಬಳಿಕ ಮಳೆಯ ಬಿಡುವು ನೋಡಿ ಮಾಡಲಾಗುತ್ತದೆ.